ಸೊನ್ನೆಯಿಂದ ಎಣಿಸುವ ತಿಂಗಳು

ಮಂಡ್ಯದ ಗುತ್ತಲು ರಸ್ತೆ, ಬೋರಲಿಂಗಣ್ಣನ ಛತ್ರ.
ಅದರ ವೆಬ್‌ಸೈಟಿಗೆ ಕ್ಯಾಲೆಂಡರು ಮಾಡಿಕೊಟ್ಟವಳು ನಾನೇ.
ಬೆರಳು ನೆಕ್ಕಿ ನೆಕ್ಕಿ ಪಂಚಾಂಗ ತಿರುವುತ್ತ
ಅವರು ಹೇಳಿದ್ದು ಇಷ್ಟು:
"ಲಗ್ನ ಇರೋ ದಿನಕ್ಕೆ ಅರಿಸಿನ ಬಳಿ ಕಣವ್ವ.
ಬುಕ್ ಆದ್ರೆ ಕೆಂಪು.
ಆಸಾಡಕ್ಕೆ ಪೂರ್ತಿ ಬೂದಿ ಬಣ್ಣ ಮಡಗು,
ಬೆಳ್ಳಲ್ಲಿ ಒತ್ತುದ್ರೂ ಮಿಸುಕಬಾರ್ದು."

ಬರೆದೆ. ದಿನಕ್ಕೊಂದು ಸಾಲು,
ಸಾಲಿನಲ್ಲಿ ವರ್ಷ, ತಿಂಗಳು, ತಾರೀಖು.
ಹೊರಗೆ ಬೆಲ್ಲದ ಲಾರಿ
ಹಿಂದೆ ಮುಂದೆ ಆಗಿ ಹೊರಡುವಷ್ಟರಲ್ಲಿ
ಚೌಕಗಳು ಹತ್ತಿಕೊಂಡವು,
ಒಣಹಾಕಿದ ಹಪ್ಪಳದ ನಡುನಡುವೆ
ಯಾರೋ ಚೆಂಡುಹೂ ಮರೆತು ಹೋದಂತೆ.

ನಾನು ಮರೆತದ್ದು ಒಂದೇ:
ಯಂತ್ರಕ್ಕೆ ಜನವರಿ ಒಂದಲ್ಲ, ಸೊನ್ನೆ.
ನನ್ನ ಆರು ಜೂನು,
ಅದರ ಆರು ಜುಲೈ.
ಜೂನಿನ ಲಗ್ನಗಳೆಲ್ಲ ಸದ್ದಿಲ್ಲದೆ
ಮಗ್ಗುಲು ಬದಲಿಸಿ ಆಷಾಢದಲ್ಲಿ ಮಲಗಿದವು.
ಬೂದಿ ಮುಂದೆ ಸರಿದು ಶ್ರಾವಣದ ಮೇಲೆ ಬಿತ್ತು.

ಗೊತ್ತಾದದ್ದು ಹದಿನೇಳು ದಿನದ ಮೇಲೆ, ಫೋನಿನಲ್ಲಿ:
"ಸ್ರಾವಣಕ್ಕೆ ಒಂದು ನರಪಿಳ್ಳೆ ಇಲ್ಲ,
ಆಸಾಡಕ್ಕೆ ಜೋಡಿ ಬಂದು ಕೂತವ್ರೆ!"

ಕೂತಿದ್ದರು. ಪಾಂಡವಪುರದ ಕಡೆಯವರು.
ಜಯಶೀಲ, ಅಂಗನವಾಡಿ ಟೀಚರು, ನಲವತ್ತಮೂರು.
ಕೆಂಪಾಚಾರಿ, ಕಬ್ಬು ತೂಗುವಲ್ಲಿ ಗುಮಾಸ್ತ,
ಕೂದಲಿಗೆ ಹಚ್ಚಿದ ಕಪ್ಪು ಕಿವಿಗೂ ತಾಗಿತ್ತು.
ಜುಲೈ ಹನ್ನೊಂದು, ಮುಂಗಡ ಐದು ಸಾವಿರ,
ರಸೀದಿ ಮಡಿಸಿ ಟಿಫಿನ್ ಡಬ್ಬಿಯೊಳಗೆ.

"ತಪ್ಪು ನನ್ನದು" ಎಂದೆ. ಸೊನ್ನೆಯ ಕತೆ ಬಿಡಿಸಿ ಹೇಳಿದೆ.
ಮಕ್ಕಳ ಚಾಡಿ ಕೇಳುವ ತಾಳ್ಮೆಯಲ್ಲಿ
ಆಕೆ ಕೇಳಿಸಿಕೊಂಡರು.
"ಆರು ಜನ ಜೋಯಿಸ್ರು ನೋಡವ್ರೆ ನಮ್ಮ ಜಾತಕವ.
ಈ ವರ್ಸ ಬ್ಯಾಡ, ಆ ತಿಂಗಳು ಬ್ಯಾಡ,
ಗುರು ಬ್ಯಾಡ, ಕುಜ ಬ್ಯಾಡ.
ಒಂಬತ್ತು ವರ್ಸದಲ್ಲಿ
ಆಗ್ಲಿ ಅಂದಿದ್ದು ನಿಮ್ಮ ಪೆಟ್ಟಿಗೆ ಒಂದೇ ಕಣಮ್ಮ."

ಕೆಂಪಾಚಾರಿ ಫ್ಯಾನು ನೋಡುತ್ತಿದ್ದರು.
ಬೋರಲಿಂಗಣ್ಣ ಪಂಚಾಂಗ ತೆಗೆದರು, ಮುಚ್ಚಿದರು.
"ಅಡಿಗೆಯವ್ರೂ ಖಾಲಿ ಇರ್ತಾರೆ ಬುಡು,
ಕರೆಂಟು ದುಡ್ಡು ಕೊಡ್ಲಿ, ಸಾಕು."

ಆ ರಾತ್ರಿ ಕೂತು
ಪ್ರತಿ ತಿಂಗಳಿಂದಲೂ ಒಂದೊಂದು ಕಳೆದೆ.
ಲಗ್ನಗಳು ಜೂನಿಗೆ ಮರಳಿದವು.
ಆಷಾಢಕ್ಕೆ ಬೂದಿ ಸುರಿಯಿತು, ಚೌಕ ಚೌಕವಾಗಿ.
ಹನ್ನೊಂದರ ಹತ್ತಿರ ಬಂದು ಬೆರಳು ನಿಂತಿತು.
ಬುಕ್ ಆದ ದಿನ, ಲೆಕ್ಕದಂತೆ ಕೆಂಪಾಗಬೇಕು.
ಆ ಒಂದು ಸಾಲನ್ನು ಹಾಗೇ ಬಿಟ್ಟೆ, ಅರಿಸಿನದಲ್ಲಿ.
ನನ್ನ ನಂತರ ಇದನ್ನು ತೆರೆಯುವವರಿಗೆ
ಪಕ್ಕದಲ್ಲೊಂದು ಟಿಪ್ಪಣಿ:
ಇದು ತಪ್ಪು. ತಿದ್ದಬೇಡಿ.