ಓ ಸ್ಟ್ರೀಟಿನಲ್ಲಿ ಮಾರ್ಚ್ ತಿಂಗಳು

ಲಿಂಕನ್ ಊರಿನ ಈ ಉದ್ದದ ಬೀದಿಗೆ
ಹೆಸರಿಟ್ಟವರು ಒಂದೇ ಅಕ್ಷರ ಖರ್ಚು ಮಾಡಿದ್ದಾರೆ: ಓ.
ಯಾರೋ ಕರೆದಂತೆ, ಬೀದಿಯೇ ಓಗೊಟ್ಟಂತೆ.
ಟೈರ್ ಅಂಗಡಿಗೂ ಲಾಂಡ್ರಿಗೂ ನಡುವೆ
ನನ್ನದು ತೆರಿಗೆ ಲೆಕ್ಕದ ಮೇಜು.

ಹೊಸಿಲಲ್ಲಿ ಕರಗಿದ ಹಿಮದ ರಾಡಿ.
ಬ್ರಿನ್ ಕುಚೆರಾ ತುಸು ತಲೆ ಬಗ್ಗಿಸಿ ಒಳಗೆ ಬಂದಳು,
ಆರಡಿ ಮೂರಂಗುಲದ ವಾಲಿಬಾಲ್ ಹುಡುಗಿ,
ಬೆರಳಿಗೆಲ್ಲ ಬಿಳಿ ಟೇಪು.
ಶೂ ಡಬ್ಬಿಯ ಚೀಟಿಗಳನ್ನು ಮೇಜಿಗೆ ಸುರಿದಳು.
ಕಾರು ತೊಳೆಯುವವರು ಮೂರು ಫೋಟೋಗೆ
ಎಂಟುನೂರು ಡಾಲರ್ ಕೊಟ್ಟಿದ್ದಾರೆ.
ಹಾಸಿಗೆ ಅಂಗಡಿಯವರು ಹಾಸಿಗೆಯನ್ನೇ ಕೊಟ್ಟಿದ್ದಾರೆ.
"ಅದಕ್ಕೂ ತೆರಿಗೆಯೇ?"
ಅದಕ್ಕೂ, ಮಗಳೇ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ
ಇವಳ ಕಾಲಿಗೆ ಸಾಲದು.

ರಾಜ್ಯದ ಕಾನೂನು ಬಂದಮೇಲೆ
ಆಡುವವರ ಹೆಸರು ಆಡುವವರದೇ ಆಯಿತಂತೆ.
ಮೊದಲು ಯಾರದಾಗಿತ್ತು, ಫಾರಮ್ಮು ಕೇಳುವುದಿಲ್ಲ.
ನಮ್ಮಲ್ಲಿ ಹೆಸರು ಒಂದು ಕಾಳು,
ರಾತ್ರಿ ನೆನೆಹಾಕಿದರೆ ಬೆಳಗಿಗೆ ಮೊಳಕೆ.
ಇಲ್ಲಿ ಎಷ್ಟೋ ವರ್ಷ ಒಣಗಿಕೊಂಡೇ ಇತ್ತು
ಬೇರೆಯವರ ಡಬ್ಬಿಯಲ್ಲಿ.

ಗೋಡೆ ಪಕ್ಕದ ಕುರ್ಚಿಯಲ್ಲಿ ಅವಳಪ್ಪ ವರ್ಲಿನ್,
ಮಂಡಿಯ ಮೇಲೆ ಟೋಪಿ.
"ಎಂಬತ್ತೇಳರ ಚಳಿಗೆ," ಎಂದ, ಯಾರೂ ಕೇಳದೆಯೇ,
"ಬಟ್ಟೆ ಅಂಗಡಿಯ ಮುದುಕನೊಬ್ಬ ನನಗೆ ಕೋಟು ತೊಡಿಸಿದ.
ಉಣ್ಣೆಯದು. ಕಂದು.
ಯಾರೋ ದೂರು ಕೊಟ್ಟರು.
ಕೋಟು ವಾಪಸು, ನಾಲ್ಕು ಪಂದ್ಯ ಬೆಂಚು.
ಅದೇ ವಾರ ನನ್ನ ನಂಬರಿನ ಜೆರ್ಸಿ
ಕ್ರೀಡಾಂಗಣದ ಬಾಗಿಲಲ್ಲಿ ರಾಶಿ ಹಾಕಿ ಮಾರುತ್ತಿದ್ದರು."
ಆಮೇಲೆ, ನಗುತ್ತಲೇ:
"ಆ ಕೋಟಿಗೆ ಇದರಲ್ಲಿ ಎಲ್ಲಾದರೂ ಚೌಕ ಇದೆಯಾ?"
ಇಲ್ಲವೆಂದು ಗೊತ್ತಿದ್ದೂ
ಹಾಳೆ ತಿರುಗಿಸಿ ನೋಡಿದೆ.

ಇವರನ್ನು ಕರೆತಂದವಳು ದುನ್ಯಾ,
ಸರ್ಬಿಯಾದವಳು, ಅದೇ ತಂಡದವಳು,
ಬೆರಳಲ್ಲಿ ಕಾರಿನ ಕೀಲಿ ತಿರುಗಿಸುತ್ತ ನಿಂತಿದ್ದಾಳೆ.
ನಿನ್ನ ಚೀಟಿಗಳೆಲ್ಲಿ?
"ನನ್ನದು ವಿದ್ಯಾರ್ಥಿ ವೀಸಾ," ಎಂದಳು.
"ಪಾಯಿಂಟು ಗಳಿಸಬಹುದು, ಕಾಸು ಕೂಡದು."
ಜೀವ ಬಂತು, ಹೆಸರಿಗಿನ್ನೂ ವೀಸಾ ಬರಲಿಲ್ಲ.
ಆ ನಗು ನನಗೆ ಗೊತ್ತು.
ಏಳು ವರ್ಷ ನನ್ನ ಪಾಸ್‌ಪೋರ್ಟಿನಲ್ಲೂ
ಒಂದು ಮೊಹರು ಕೂತಿತ್ತು,
ಕೈ ಮಡಿಲಲ್ಲಿರಲಿ ಎಂದು.
ಹೇಳಲಿಲ್ಲ. ಪ್ರಿಂಟರ್ ಗುರುಗುಟ್ಟಿತು.

ಇಲ್ಲಿ ಸಹಿ, ಎಂದೆ.
ಬ್ರಿನ್ ಬರೆದಳು: ದೊಡ್ಡ ಸುರುಳಿಯ ಕೆ,
ಬಾಲಕ್ಕೊಂದು ಹೃದಯ, ಪಕ್ಕದಲ್ಲಿ ಹದಿನಾಲ್ಕು.
ಇದು ಅಭಿಮಾನಿಗಳದ್ದು, ತೆರಿಗೆಗೆ ನಿನ್ನ ಸಹಿ ಬೇಕು.
ಪೆನ್ನು ಹಾಳೆಯ ಮೇಲೆ ನಿಂತಿತು.
ಸಾದಾ ಸಹಿ ಹೇಗಿತ್ತೆಂದು
ಮಗು ಯೋಚಿಸಿತು, ತುಟಿ ಕಚ್ಚಿ.
ಎರಡನೇ ಪ್ರತಿ ತೆಗೆದುಕೊಟ್ಟೆ.

ಹೊರಗೆ, ಲಾಂಡ್ರಿ ಕಡೆಯಿಂದ
ಯಾರೋ ಕೂಗಿದರು: ಕುಚೆರಾ!
ಇಬ್ಬರೂ ತಿರುಗಿದರು.
ಅಪ್ಪ ಒಂದು ಕ್ಷಣ ಮೊದಲು.