ಒಳಮಡಿಕೆ

ಹನ್ನೊಂದಕ್ಕೆ ಕರೆದ ಅಧ್ಯಯನ ಮಂಡಳಿ
ಹನ್ನೆರಡೂ ಕಾಲಿಗೆ ಕೋರಂ ಕಂಡಿತು.
ಬಳ್ಳಾರಿಯ ಮಾರ್ಚ್. ಗುಡ್ಡದ ಕಲ್ಲು ಆಗಲೇ ಕಾದು
ಕಿಟಕಿಯಿಂದ ಒಳಗೆ ಇಣುಕುತ್ತಿತ್ತು.
ಗಾದಿಲಿಂಗಪ್ಪ ಕುರ್ಚಿ ಒರೆಸಿದ,
ಒಂದಕ್ಕೆ ಮಾತ್ರ ಚೀಟಿ ಅಂಟಿಸಿದ:
'ಉದ್ಯಮದ ಪ್ರತಿನಿಧಿ'.

ಅದರಲ್ಲಿ ಬಂದು ಕೂತವರು ಕೌಲ್‌ಬಜಾರಿನ
ಕಟಿಂಗ್ ಮಾಸ್ತರ ಹುಸೇನ್‌ಪೀರಾ.
ನಿಯಮವಿತ್ತು, ಮಾಲೀಕರನ್ನು ಕರೆದೆವು;
ಮಾಲೀಕರು ಇವರನ್ನು ಕಳಿಸಿದರು.
ಉಗುರಿನ ಸಂದಿಯಲ್ಲಿ ನೀಲಿ.
ಹೋಗಂಗಿಲ್ಲ ಮೇಡಂ, ನನ್ನ ಮದುವೇಲೂ ಹಿಂಗೇ ಇತ್ತು.

ಕರಡು ನನ್ನದು.
ಅತಿಥಿ ಉಪನ್ಯಾಸಕಿ ಬರೆಯಬಹುದು, ಸಹಿ ಹಾಕುವಂತಿಲ್ಲ.
ನಾಲ್ಕು ಕ್ರೆಡಿಟ್ಟು, ಐದು ಘಟಕ, ಅರವತ್ತು ತಾಸು:
ಜೀನ್ಸಿನ ನೂಲು, ಬಣ್ಣ, ಕತ್ತರಿ, ಹೊಲಿಗೆ, ತೊಳೆತ.
ಕೊನೆಯ ಘಟಕ ಬರೆದ ರಾತ್ರಿ
ಅವ್ವ ಪಕ್ಕದಲ್ಲೇ ಕೂತು
ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದಳು,
ಪೀಸಿಗೆ ಒಂದೂವರೆ ರೂಪಾಯಿ.
ಏನು ಬರೀತೀ?
ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಂತ.
ಅದನ್ನ ಓದಿ ಬೇರೆ ತಿಳ್ಕೋಬೇಕಾ? ಮೋರಿಗೆ.

ಅಧ್ಯಕ್ಷರು ಪಂಪನಗೌಡರು ಕನ್ನಡಕ ಏರಿಸಿದರು:
'ಅರಿಯುವರು' ಅಂತ ಬರೆದಿದ್ದೀರಿ. ಅರಿವನ್ನು ಅಳೆಯೋದು ಹೇಗೆ?
'ಪಟ್ಟಿ ಮಾಡಬಲ್ಲರು' ಅಂತ ತಿದ್ದಿ.
ತಿದ್ದಿದೆ.
ಕಲಬುರಗಿಯ ಬಾಹ್ಯ ತಜ್ಞೆ ತ್ರಿಶಲಾ ಮೇಡಂ
ರಾತ್ರಿ ಬಸ್ಸಿನ ನಿದ್ದೆಗಣ್ಣಲ್ಲೇ ಕೇಳಿದರು:
ಪರಾಮರ್ಶನ ಗ್ರಂಥ ಬರೀ ಮೂರಾ?
ಮೂರೇ. ಮೂರೂ ದಿಲ್ಲಿಯಲ್ಲಿ ಅಚ್ಚಾದವು.
ಮೂರರಲ್ಲೂ ಬಳ್ಳಾರಿ ಇಲ್ಲ.

ಆಮೇಲೆ ಯಾರೋ, ಸೌಜನ್ಯಕ್ಕೆ, ಆ ಕುರ್ಚಿಯತ್ತ ತಿರುಗಿದರು:
ನೀವೇನಾದರೂ ಹೇಳೋದಿದೆಯಾ?
ಹುಸೇನ್‌ಪೀರಾ ನನ್ನ ಹಾಳೆಯನ್ನು
ಎರಡು ಬೆರಳಲ್ಲಿ ಉಜ್ಜಿ ನೋಡಿದರು, ಥಾನು ನೋಡಿದ ಹಾಗೆ.
ಬಾಳ ಟೈಟ್ ಐತ್ರೀ ಇದು.
ಅರವತ್ತು ತಾಸಿಗೆ ಅರವತ್ತೂ ತಾಸಿನ ಪಾಠ.
ನಾವು ಎಂಬತ್ತು ಪದರ ಹಾಸಿ ಒಂದೇ ಸಲ ಕೊಯ್ತೀವಿ.
ಒಂದು ತಪ್ಪಿದ್ರ ಎಂಬತ್ತೂ ತಪ್ಪು.
ಅದಕ್ಕ ಗೆರಿಯಿಂದ ಹೊರಗ ಅರ್ಧ ಇಂಚು ಬಿಡ್ತೀವಿ.
ಮಕ್ಕಳ ಲಂಗಕ್ಕಾದ್ರ ಒಳಗೊಂದು ಮಡಿಕಿ ಬ್ಯಾರೆ,
ಹುಡುಗಿ ಮುಂದಿನ ವರ್ಷ ಉದ್ದ ಆಗ್ತಾಳಲ್ಲ.
ನೀರು ಕುಡಿದರು.
ನಿಮ್ಮ ಹುಡುಗ್ರೂ ಆಗ್ತಾರಲ್ರೀ.

ಫ್ಯಾನು ಒಂದು ಸುತ್ತು ಹೆಚ್ಚಿಗೆ ತಿರುಗಿತು.
ನಡಾವಳಿಯಲ್ಲಿ ಮಡಿಕೆಗೆ ಕಾಲಂ ಇಲ್ಲ. ನಾನು ಬರೆದದ್ದು:
'ಚರ್ಚಿಸಿ, ಕೆಲವು ಮಾರ್ಪಾಡುಗಳೊಂದಿಗೆ ಶಿಫಾರಸು ಮಾಡಲಾಯಿತು.'
ಯಾರಿಂದ? ಕರ್ತೃವಿಲ್ಲದ ವಾಕ್ಯ.
ಆ ಮಧ್ಯಾಹ್ನ ಕರ್ತರಿ ಪ್ರಯೋಗದಲ್ಲಿ ನಡೆದದ್ದು
ಮಂಡಕ್ಕಿ ಮಿರ್ಚಿ ತಿಂದದ್ದೊಂದೇ.

ಅಲ್ಲಿಂದ ನಿಕಾಯ. ನಿಕಾಯದಿಂದ ವಿದ್ಯಾವಿಷಯಕ ಪರಿಷತ್ತು.
ಜೂನಿನಲ್ಲಿ ಕಡತ ಮರಳಿತು,
ಮೈಮೇಲೆ ಯಾರದೋ ಚಹಾ ಲೋಟದ ಉಂಗುರ.
ನಾಲ್ಕು ಘಟಕ ಸರಿ. ಐದನೆಯದರ ಪಕ್ಕ ಪೆನ್ಸಿಲ್ಲಿನಲ್ಲಿ:
'ಆಧಾರ ಗ್ರಂಥವಿಲ್ಲ. ಪರಿಷ್ಕರಿಸಿ ಮರುಮಂಡಿಸುವುದು.'

ಒಂದು ವಾರ ಆ ಹಾಳೆ ಮುಟ್ಟಲಿಲ್ಲ.
ಆಮೇಲೆ ತೊಳೆತ, ನೀರು, ಮೋರಿ, ಎಲ್ಲ ಅಳಿಸಿದೆ.
'ಘಟಕ ಐದು: ಕ್ಷೇತ್ರಕಾರ್ಯ, ಹನ್ನೆರಡು ತಾಸು.'
ಕೆಳಗೆ ಏನೂ ಬರೆಯಲಿಲ್ಲ.
ಕ್ಷೇತ್ರಕಾರ್ಯಕ್ಕೆ ಯಾರೂ ಗ್ರಂಥ ಕೇಳುವುದಿಲ್ಲ.
ಮುಂದಿನ ಸಭೆಯಲ್ಲಿ ಒಂದೂವರೆ ನಿಮಿಷಕ್ಕೆ
ಅನುಮೋದಿಸಲಾಯಿತು.

ಈ ವರ್ಷ ಆ ಪತ್ರಿಕೆ ಹೇಳುವವಳು ನಾನಲ್ಲ;
ಅತಿಥಿಗಳ ಪಟ್ಟಿ ಬದಲಾಯಿತು.
ಬಂದವರು ಆ ಖಾಲಿ ಜಾಗ ಕಂಡು
ಮುದ್ರಣದೋಷ ಅಂದುಕೊಳ್ಳಲೂಬಹುದು.
ಇಲ್ಲವೇ ಹುಡುಗರನ್ನು ಕರೆದುಕೊಂಡು
ಮೋರಿಯ ಗುಂಟ ನಡೆಯಲೂಬಹುದು, ನೀಲಿ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ.

ನನಗೆ ನೆನಪಿರುವುದು ಏಳನೆಯ ತರಗತಿಯ ಲಂಗ.
ಅವ್ವ ಒಳಮಡಿಕೆ ಬಿಚ್ಚಿದಳು; ಮೇಲೆಲ್ಲ ಮಾಸಿದ ಬಟ್ಟೆ,
ಅಂಚಿನಲ್ಲಿ ನಾಲ್ಕು ಬೆರಳಗಲ
ಅಂಗಡಿಯಿಂದ ತಂದ ದಿನದ ಬಣ್ಣ.
ಗೆಳತಿಯರು ನಕ್ಕರು.
ಇಡೀ ವರ್ಷ ಅದನ್ನೇ ತೊಟ್ಟೆ.