ಭಾಗ ಸಂಖ್ಯೆ ೬೧೨

ಐ.ಜಿ. ರಸ್ತೆಯ ನನ್ನ ಜೆರಾಕ್ಸ್ ಅಂಗಡಿಯಿಂದ
ಸಮುದ್ರಕ್ಕೆ ನೂರೈವತ್ತು ಕಿಲೋಮೀಟರು,
ನಡುವೆ ಒಂದು ಘಾಟಿ.
ಅದಕ್ಕೇ ಇರಬೇಕು,
ಷಟರ್ ಅರ್ಧ ಎಳೆದ ಮೇಲೆ
ಲ್ಯಾಮಿನೇಷನ್ ಯಂತ್ರ ತಣ್ಣಗಾಗುವ ಹೊತ್ತಿಗೆ
ಹಡಗು ಕಟ್ಟಲು ಕೂರುತ್ತೇನೆ.

ಮೂರು ಕೂವೆಮರ, ಇಪ್ಪತ್ತೊಂದು ಹಾಯಿ,
ಒಟ್ಟು ಸಾವಿರದ ನೂರ ನಲವತ್ತು ಭಾಗ.
ಮರದ ಚೂರಿಲ್ಲ, ಮೊಳೆಯಿಲ್ಲ, ಎಲ್ಲಾ ಕಾಗದ.
ಅಸಲಿ ಹಡಗು ನಮ್ಮ ಕಡೆಯ ಕಾಫಿ ಹೊತ್ತು
ಆಫ್ರಿಕಾದ ತುದಿ ಸುತ್ತಿ ಹೋಗಿತ್ತಂತೆ.
ಅಂತೆ, ಅಷ್ಟೆ.
ನಕ್ಷೆಯ ಮೂಲೆಯ ಸಣ್ಣಕ್ಷರವನ್ನು ನಂಬಿದ್ದೇನೆ.

ಗೆರೆಯ ಪಕ್ಕ ಅಲ್ಲ, ಗೆರೆಯನ್ನೇ ಕತ್ತರಿಸಬೇಕು.
ಮಡಿಸುವ ಮೊದಲು ಬ್ಲೇಡಿನ ಬೆನ್ನಿಂದ ಸವರಬೇಕು.
ಕತ್ತರಿಸಿದ ಅಂಚು ಬೆಳ್ಳಗೆ ಹಲ್ಲು ಕಿರಿಯುತ್ತದೆ;
ಅದಕ್ಕೆ ಕಂದು ಹಚ್ಚದಿದ್ದರೆ
ಎಂಥ ಹಡಗೂ ತಾನು ಕಾಗದವೆಂದು
ಬೀದಿಗೆಲ್ಲ ಹೇಳಿಬಿಡುತ್ತದೆ.
ಹಾಯಿಗಳನ್ನು ಕಾಫಿ ಚರಟದ ನೀರಲ್ಲಿ ಅದ್ದಿ
ಚಮಚದ ಬೆನ್ನ ಮೇಲೆ ಒತ್ತಿ ಒಣಗಿಸಿದೆ.
ಹೊಟ್ಟೆ ಬಂತು. ಗಾಳಿ ಬರಲಿಲ್ಲ.

ಜುಲೈ ಎಂದರೆ ಕಾಗದಕ್ಕೆ ಜ್ವರ.
ಅರವತ್ತು ವಾಟಿನ ಬಲ್ಬಿನ ಕೆಳಗೆ
ಬಾಣಂತಿಯ ಹಾಗೆ ಬೆಚ್ಚಗೆ ಮಲಗಿಸಿದ್ದೆ.
ಆಗಲೇ ಕಳೆದದ್ದು ಆರುನೂರ ಹನ್ನೆರಡು:
ಚುಕ್ಕಾಣಿಯ ಚಕ್ರ,
ಕಡಲೆಬೇಳೆಯಷ್ಟು ಅಗಲ, ಸುತ್ತ ಎಂಟು ಹಿಡಿ.
ಫ್ಯಾನ್ ಹಾಕಿದವನು ನಾನೇ.

ಮೂರು ದಿನ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದೆ.
ನಮಾಜೋ ಬೆನ್ನುನೋವೋ ತಿಳಿಯದೆ
ಗಿರಾಕಿಗಳು ಹೊರಗೇ ನಿಂತರು.
ನಾಲ್ಕನೆಯ ದಿನ ಹೊಸದೊಂದು ಕೊರೆದು ಅಂಟಿಸಿದೆ.
ಏಳೇ ಹಿಡಿ ಬಂತು. ಯಾರು ಎಣಿಸುತ್ತಾರೆ?

ಪಿಂಚಣಿ ಪಾಸ್‌ಬುಕ್ಕಿನ ಪ್ರತಿಗೆಂದು ಬಂದ
ಫಿಲೋಮಿನಾ ಬಾಯಮ್ಮ
ಕೌಂಟರಿನ ಮೇಲೆ ಬಗ್ಗಿ,
"ನೂರುಲ್ಲಾ, ಒಂದು ಕಡಮೆ ಉಂಟಲ್ಲ" ಅಂದರು.

ಇಪ್ಪತ್ತೊಂಬತ್ತು ವರ್ಷ
ಕ್ಯೂರಿಂಗ್ ವರ್ಕ್ಸಿನ ಉದ್ದ ಮೇಜಿನ ಮುಂದೆ ಬೀಜ ಆರಿಸಿದ ಬೆರಳು:
ಪೀಬೆರಿ ಈ ಕಡೆ, ಕಪ್ಪು ಆ ಕಡೆ, ಒಡಕು ಮೊರಕ್ಕೆ.
ಈಗ ಆ ಕೆಲಸಕ್ಕೆ ಯಂತ್ರದ ಕಣ್ಣು ಬಂದಿದೆ.
"ಅದು ಕೆಟ್ಟದ್ದನ್ನು ಉಫ್ ಅಂತ ಊದಿ ಬಿಸಾಡ್ತದೆ.
ನಾವು ಎತ್ತಿ ಇಡ್ತಿದ್ದೆವು."

ನನ್ನ ಕಸದ ಡಬ್ಬಿಯನ್ನು, ಎರಡು ತಿಂಗಳ ಚೂರುಗಳನ್ನು,
ಹಳೇ ಕ್ಯಾಲೆಂಡರಿನ ಮೇಲೆ ಸುರುವಿಕೊಂಡರು.
ಮಾತು ನನ್ನ ಜೊತೆ, ಮಗಳ ಮನೆಯ ನಲ್ಲಿಯ ವಿಚಾರ;
ಕೈ ಮಾತ್ರ ಅಲ್ಲಿ ಹರಿಯುತ್ತಿತ್ತು.
ನಲ್ಲಿಯ ಕತೆ ಮುಗಿಯುವ ಮುನ್ನ
ಒದ್ದೆ ಬೆರಳ ತುದಿಗೆ ಅಂಟಿ ಮೇಲೆದ್ದಿತು
ಆರುನೂರ ಹನ್ನೆರಡು,
ಎಂಟೂ ಹಿಡಿ ಸಮೇತ.

ಅಂಟಿಸಿದ್ದನ್ನು ಕಿತ್ತರೆ ಡೆಕ್ಕಿನ ಚರ್ಮ ಏಳುತ್ತದೆ.
"ಇರಲಿ ಬಿಡು, ಅದೂ ದುಡಿದಿದೆ" ಅಂದವರು ಅವರೇ.

ಅಂದಿನಿಂದ ಸಂಜೆ ಐದಕ್ಕೆ ಬರುತ್ತಾರೆ.
ಜೇನುಮೇಣ ಸವರಿದ ದಾರ, ಸೂಜಿ, ಗಂಟು.
ಹಗ್ಗದ ಒಂದು ಏಣಿಗೆ ಐವತ್ತಾರು ಗಂಟು,
ಜಪಸರಕ್ಕಿಂತ ಮೂರು ಕಡಮೆ ಎಂದು
ಲೆಕ್ಕ ಹೇಳಿದ್ದೂ ಅವರೇ.
ಮಂಗಳೂರು ಕಡೆಯವರು, ಸಮುದ್ರ ಕಂಡವರು.
ಹೇಗಿರುತ್ತದೆ ಎಂದು ಕೇಳಿದೆ.
ದಾರ ಕಚ್ಚಿ ತುಂಡರಿಸಿ,
"ತುಂಬಾ ಶಬ್ದ" ಅಂದರು.

ನಿನ್ನೆ ಕೊನೆಯ ಹಾಯಿ ಏರಿತು.
ಕೊರಿಯರಿನವನ ತಕ್ಕಡಿಯಲ್ಲಿ ಇನ್ನೂರ ಹತ್ತು ಗ್ರಾಮು.
ಆಧಾರ್ ಪ್ರತಿಗೆ ಬಂದ ಹುಡುಗ
"ತೇಲುತ್ತಾ?" ಅಂದ.
ನಾನು ಉತ್ತರ ಹುಡುಕುತ್ತಿದ್ದೆ.
"ತೇಲ್ತದೆ ಮಗಾ, ಒಂದು ಸಲ" ಅಂದರು ಬಾಯಮ್ಮ.

ಸಿಕ್ಕ ಚಕ್ರವನ್ನು ಲ್ಯಾಮಿನೇಟ್ ಮಾಡಿ ಕೊಟ್ಟೆ,
ಕಾಸು ತೆಗೆದುಕೊಳ್ಳಲಿಲ್ಲ.
ಪಾಸ್‌ಬುಕ್ಕಿನ ಪ್ಲಾಸ್ಟಿಕ್ಕಿನೊಳಗೆ
ಮೇ ತಿಂಗಳ ಪಿಂಚಣಿಯ ಪಕ್ಕ ಇಟ್ಟುಕೊಂಡಿದ್ದಾರೆ.

ಏಳು ಹಿಡಿಯ ಹಡಗು ಕೌಂಟರಿನ ಮೇಲೆ
ತುಸು ಎಡಕ್ಕೆ ವಾಲಿದಂತಿದೆ.
ಮೇಜೇ ಹಾಗಿರಬಹುದು.